ತುಂಗೆಯಿಂದ ಭದ್ರೆಗೆ

ಕಿಗ್ಗಾ ದಾಟಿದ ಮೇಲೆ ರಸ್ತೆ ಕಿರಿದಾಗುತ್ತಾ ಹೋಗುತ್ತದೆ, ನೀರಿನ ಸದ್ದು ದೊಡ್ಡದಾಗುತ್ತಾ ಬರುತ್ತದೆ. ಒಂದು ಬದಿಗೆ ಅಡಿಕೆ ತೋಟ, ಇನ್ನೊಂದು ಬದಿಗೆ ಕಾಫಿ. ಅಲ್ಲಲ್ಲಿ ಹಂಚಿನ ಮಾಡಿನ ಒಂಟಿ ಮನೆ, ಮುಂದೆ ಸಗಣಿ ಸಾರಿಸಿದ ಅಂಗಳ. ನವೆಂಬರ್ ಮುಗಿಯುತ್ತಾ ಬಂದಿದೆ. ಗದ್ದೆಗಳಲ್ಲಿ ಭತ್ತ ಹೊನ್ನಿನ ಬಣ್ಣಕ್ಕೆ ತಿರುಗಿದೆ, ಆದರೆ ಹಳ್ಳಗಳಿಗೆ ಮಾತ್ರ ಮಳೆಗಾಲ ಮುಗಿದ ಸುದ್ದಿ ಇನ್ನೂ ಮುಟ್ಟಿದಂತಿಲ್ಲ. ಸಿರಿಮನೆ ಅಬ್ಬಿಯ ಮೆಟ್ಟಿಲು ಇಳಿಯುತ್ತಿದ್ದಂತೆ ನೀರಿಗಿಂತ ಮೊದಲು ನೀರಿನ ಹುಡಿ ಬಂದು ಮುಖಕ್ಕೆ ತಾಗುತ್ತದೆ. ಇನ್ನೆರಡು ತಿರುವು ಇಳಿದರೆ ನಲವತ್ತು ಅಡಿ ಎತ್ತರದ ಬಂಡೆಯ ಮೇಲಿಂದ ಬಿಳಿಯ ಹರವು. ಬುಡಕ್ಕೆ ಹೋಗಿ ನಿಂತು ಭುಜ ಕೊಟ್ಟರೆ ಒಂದು ಕ್ಷಣ ಉಸಿರೇ ನಿಲ್ಲುತ್ತದೆ, ಮರುಕ್ಷಣ ಕೂಗಬೇಕೆನಿಸುತ್ತದೆ. ಪಕ್ಕದಲ್ಲಿ ನಿಂತ ಕಾಲೇಜು ಹುಡುಗರು ಕೂಗುತ್ತಲೇ ಇದ್ದಾರೆ. ಬಾಯಿ ತೆರೆದದ್ದು ಕಾಣುತ್ತದೆ, ಸದ್ದು ಕೇಳುವುದಿಲ್ಲ.

ಮೇಲೆ ಹತ್ತಿ ಬಂದು ಕಾಲಿನ ಉಂಬಳ ಕೀಳುತ್ತಾ ಕುಳಿತಾಗ ಪೊದೆಯೊಳಗಿಂದ ಯಾರೋ ಆರಾಮಾಗಿ ಸಿಳ್ಳೆ ಹಾಕುತ್ತಿರುವುದು ಕೇಳಿಸುತ್ತದೆ. ಮನುಷ್ಯರಲ್ಲ, ಸಿಳ್ಳಾರ ಹಕ್ಕಿ. ಹಳ್ಳದ ಬದಿಯ ಕಲ್ಲಿನ ಮೇಲೆ ಬಂದು ಕೂತು, ಕಡುನೀಲಿ ರೆಕ್ಕೆಯನ್ನು ಒಮ್ಮೆ ಬಿಸಿಲಿಗೆ ತೋರಿಸಿ ಮತ್ತೆ ನೆರಳಿಗೆ ಜಾರುತ್ತದೆ.

ಕಿಗ್ಗಾದ ಋಷ್ಯಶೃಂಗೇಶ್ವರ ಮಳೆಯ ದೇವರು. ಹೆಣ್ಣಿನ ಮುಖವನ್ನೇ ಕಾಣದೆ ಕಾಡಿನಲ್ಲಿ ಬೆಳೆದ ಋಷ್ಯಶೃಂಗನನ್ನು ಬರಗಾಲಕ್ಕೆ ಸಿಕ್ಕ ಅಂಗದೇಶದ ರಾಜ ರೋಮಪಾದ ಉಪಾಯದಿಂದ ಕರೆಸಿಕೊಂಡ, ಆತ ನೆಲಕ್ಕೆ ಕಾಲಿಟ್ಟದ್ದೇ ಮಳೆ ಸುರಿಯಿತು, ರಾಜಪುತ್ರಿ ಶಾಂತೆ ಅವನ ಕೈಹಿಡಿದಳು ಎನ್ನುವ ಕಥೆ ರಾಮಾಯಣದ್ದು. ದಶರಥನಿಗೆ ಪುತ್ರಕಾಮೇಷ್ಟಿ ಮಾಡಿಸಿದವನೂ ಇವನೇ. ಆ ಕಥೆಯ ಮುನಿ ಇಲ್ಲಿ ಲಿಂಗವಾಗಿ ಕುಳಿತಿದ್ದಾನೆ ಎಂಬುದು ಮಲೆನಾಡಿನ ನಂಬಿಕೆ. ರಾಜ್ಯಕ್ಕೆ ಬರ ಬಂದ ವರ್ಷಗಳಲ್ಲಿ ಬೆಂಗಳೂರಿನಿಂದ ಮಂತ್ರಿಗಳೇ ಬಂದು ಪೂಜೆ ಮಾಡಿಸಿ ಹೋಗುತ್ತಾರೆ. ದೇವಸ್ಥಾನದ ಜಗಲಿಯಲ್ಲಿ ಕುಳಿತಿದ್ದ ಹಿರಿಯರೊಬ್ಬರು ಎಲೆಗೆ ಸುಣ್ಣ ಸವರುತ್ತಾ ಹೇಳುತ್ತಾರೆ: ‘ಮಳೆ ಬೇಕು ಅಂದ್ರೂ ಇಲ್ಲಿಗೇ ಬರ್ತಾರೆ, ಮಳೆ ಸಾಕು ಅಂದ್ರೂ ಇಲ್ಲಿಗೇ ಬರ್ತಾರೆ ಮಾರಾಯ್ರೆ. ನಾವು ಎರಡನೇದಕ್ಕೇ ಜಾಸ್ತಿ ಕೇಳ್ಕೊಳ್ಳೋದು.’ ಆಷಾಢದಲ್ಲಿ ಇಲ್ಲಿ ಒಂದು ವಾರ ಸೂರ್ಯ ಕಾಣದಿದ್ದರೆ ಯಾರೂ ಅದನ್ನು ಸುದ್ದಿ ಎಂದುಕೊಳ್ಳುವುದಿಲ್ಲವಂತೆ.

ಅವರ ಬೆನ್ನ ಹಿಂದೆ ನರಸಿಂಹ ಪರ್ವತ ಮೋಡದೊಳಗೆ ತಲೆ ಹುದುಗಿಸಿಕೊಂಡಿದೆ. 1152 ಮೀಟರ್. ಅರಣ್ಯ ಇಲಾಖೆಯ ಅನುಮತಿ ಪಡೆದು ಕಿಗ್ಗಾದಿಂದ ಹತ್ತುವವರು ಆ ತುದಿಯಿಂದ ಪಶ್ಚಿಮಕ್ಕೆ ಕರಾವಳಿಯ ಇಳಿಜಾರನ್ನೂ ಪೂರ್ವಕ್ಕೆ ಮಡಿಕೆ ಮಡಿಕೆಯಾಗಿ ಸಾಗುವ ಮಲೆಯನ್ನೂ ನೋಡುತ್ತಾರೆ. ಆ ಪೂರ್ವದ ಮಡಿಕೆಗಳಲ್ಲೇ ನನ್ನ ಈ ಸುತ್ತಾಟ. ದಕ್ಷಿಣಕ್ಕೆ, ಕುದುರೆಮುಖದ ಸಾಲಿನಲ್ಲಿ ವರಾಹ ಪರ್ವತವಿದೆ. ಅಲ್ಲಿನ ಗಂಗಾಮೂಲದ ಕಾಡಿನಲ್ಲಿ ತುಂಗೆಯೂ ಭದ್ರೆಯೂ ಒಟ್ಟಿಗೆ ಹುಟ್ಟುತ್ತವೆ. ನೇತ್ರಾವತಿಯ ಮೂಲವೂ ಅಲ್ಲೇ. ನೇತ್ರಾವತಿ ಕಡಲ ಕಡೆ ಇಳಿಯುತ್ತದೆ. ತುಂಗೆ ಕೆರೆಕಟ್ಟೆ, ನೆಮ್ಮಾರಿನ ದಾರಿ ಹಿಡಿದು ಶೃಂಗೇರಿಗೆ ಬರುತ್ತದೆ. ಭದ್ರೆ ಕಳಸ, ಬಾಳೆಹೊನ್ನೂರು ಬಳಸಿ ನರಸಿಂಹರಾಜಪುರದ ಮಗ್ಗುಲಿಗೆ ಹೋಗುತ್ತದೆ. ಬೇರೆಯಾದ ಅಕ್ಕತಂಗಿಯರು ಮತ್ತೆ ಒಂದಾಗುವುದು ಶಿವಮೊಗ್ಗ ದಾಟಿದ ಮೇಲೆ, ಕೂಡಲಿಯಲ್ಲಿ. ನಡುವಿನ ಏರುತಗ್ಗಿನ ನೆಲವೇ ಕೊಪ್ಪ. ಶೃಂಗೇರಿ, ಕೊಪ್ಪ, ನರಸಿಂಹರಾಜಪುರ ಈ ಮೂರು ತಾಲ್ಲೂಕುಗಳಿಗೆ ಬರುವ ಹೆಚ್ಚಿನವರು ಶೃಂಗೇರಿಯಲ್ಲಿ ಕೈಮುಗಿದು, ಹೊರನಾಡಿಗೆ ಬಸ್ಸು ಹತ್ತಿಬಿಡುತ್ತಾರೆ. ತುಂಗೆಯ ದಡದಿಂದ ಹೊರಟು ಭದ್ರೆಯ ದಡ ಮುಟ್ಟುವವರೆಗೆ ನೀರನ್ನೇ ನೆಚ್ಚಿಕೊಂಡು ಬಂದರೆ ಈ ಊರುಗಳು ತಾವಾಗಿ ಬಿಚ್ಚಿಕೊಳ್ಳುತ್ತವೆ ಎಂಬುದು ನನ್ನ ಗಟ್ಟಿ ನಂಬಿಕೆ.

ಶೃಂಗೇರಿಗೆ ಬೆಳಗ್ಗೆ ಬರಬೇಕು, ಮಂಜು ಹರಿಯುವ ಮೊದಲೇ. ಪೇಟೆ ಬೀದಿಯಲ್ಲಿ ಹೂವಿನವರು ಬುಟ್ಟಿ ಬಿಚ್ಚುತ್ತಿದ್ದಾರೆ, ಹೋಟೆಲುಗಳ ಒಳಗಿಂದ ಕಡುಬಿನ ಹಬೆ, ಫಿಲ್ಟರ್ ಕಾಫಿಯ ಘಮ. ಬೀದಿಯ ತುದಿಗೆ 127 ಅಡಿಯ ರಾಜಗೋಪುರ ಮಂಜಿನೊಳಗಿಂದ ಅಂತಸ್ತು ಅಂತಸ್ತಾಗಿ ಮೂಡುತ್ತದೆ. ಅದು ಹೊಸದು, 2014ರಲ್ಲಿ ಕುಂಭಾಭಿಷೇಕವಾದದ್ದು. ಒಳಗೆ ಹೋದರೆ ಕಾಲ ಹಿಂದಕ್ಕೆ ಸರಿಯುತ್ತದೆ.

ವಿದ್ಯಾಶಂಕರ ದೇವಾಲಯದ ಮುಂದೆ ನಿಂತವರು ಮೊದಲು ತಡವರಿಸುವುದು ಅದರ ಆಕಾರಕ್ಕೆ. ಚೌಕವಲ್ಲ, ದುಂಡಗೂ ಅಲ್ಲ. ಎರಡೂ ತುದಿ ಬಾಗಿದ ಉದ್ದನೆಯ ಕಲ್ಲಿನ ಕಟ್ಟಡ, ಎತ್ತರದ ಜಗತಿ, ಆರು ಬಾಗಿಲು. 1338ರ ಸುಮಾರಿಗೆ, ಗುರು ವಿದ್ಯಾತೀರ್ಥರ ನೆನಪಿಗೆ ಕಟ್ಟಿದ್ದು. ಹೊಯ್ಸಳರ ಕೈಚಳಕ ಮುಗಿಯುತ್ತಿದ್ದ, ವಿಜಯನಗರದ ಶೈಲಿ ಇನ್ನೂ ಕಣ್ಣು ಬಿಡುತ್ತಿದ್ದ ಸಂಧಿಕಾಲ ಅದು. ಗೋಡೆಯಲ್ಲಿ ಎರಡೂ ಕಾಣುತ್ತವೆ. ಬುಡದ ಸಾಲಿನಲ್ಲಿ ಆನೆ, ಕುದುರೆ, ಮೇಲೆ ದೇವತೆಗಳು, ಸೂರಿನ ಮೂಲೆಯಿಂದ ತೂಗುವ ಕಲ್ಲಿನ ಬಳೆಗಳ ಸರಪಳಿ. ಒಳಗಿನ ಮಂಟಪದಲ್ಲಿ ಹನ್ನೆರಡು ಕಂಬ, ಒಂದೊಂದಕ್ಕೆ ಒಂದು ರಾಶಿ. ಮೇಷದ ಕಂಬದಲ್ಲಿ ಟಗರು, ವೃಶ್ಚಿಕದ ಕಂಬದಲ್ಲಿ ಚೇಳು. ಸೂರ್ಯ ಯಾವ ರಾಶಿಗೆ ಕಾಲಿಟ್ಟನೋ ಆ ಕಂಬದ ಮೇಲೆ ಬೆಳಗಿನ ಕಿರಣ ಬೀಳುವಂತೆ ಬಾಗಿಲುಗಳನ್ನೂ ಕಂಬಗಳನ್ನೂ ಹೊಂದಿಸಿದ್ದಾರೆ ಎನ್ನುತ್ತಾರೆ. ನೆರಳಿನ ದಿಕ್ಕು ಗುರುತಿಸಲು ನೆಲದಲ್ಲೇ ವೃತ್ತ ಕೊರೆದಿದ್ದಾರೆ. ಕಂಬಕ್ಕೊಂದು ಯಾಳಿ, ಅದರ ತೆರೆದ ಬಾಯೊಳಗೆ ಒಂದು ಕಲ್ಲಿನ ಗುಂಡು. ಬೆರಳಿನಿಂದ ತಳ್ಳಿದರೆ ಗುಂಡು ಉರುಳುತ್ತದೆ, ಹೊರಗೆ ಮಾತ್ರ ಬರುವುದಿಲ್ಲ. ಹಲ್ಲುಗಳ ಸಂದಿಯಲ್ಲಿ ಉಳಿ ತೂರಿಸಿ, ಒಳಗಿದ್ದಂತೆಯೇ ಗುಂಡಗೆ ಕೆತ್ತಿ ಬಿಡಿಸಿದ ಆ ಶಿಲ್ಪಿಯ ತಾಳ್ಮೆ ಎಷ್ಟಿದ್ದಿರಬೇಕು! ಏಳು ಶತಮಾನದ ಹತ್ತಿರ ಹತ್ತಿರ ಬೆರಳುಗಳು ತಾಗಿ ತಾಗಿ ಯಾಳಿಯ ತುಟಿ ಎಣ್ಣೆ ಸವರಿದ ಹಾಗೆ ನುಣುಪಾಗಿದೆ.

ಈ ಅಂಗಳದಲ್ಲಿ ಚರಿತ್ರೆ ದಪ್ಪನಾಗಿ ಹರಡಿಕೊಂಡಿದೆ. ಆದಿಶಂಕರರು ಶಾರದೆಯನ್ನು ಚಂದನದ ಮೂರ್ತಿಯಲ್ಲಿ ನೆಲೆಗೊಳಿಸಿದರು ಎನ್ನುತ್ತದೆ ಪರಂಪರೆ. ವಿಜಯನಗರ ಕಟ್ಟಿದ ಹರಿಹರ ಮತ್ತು ಅವನ ತಮ್ಮಂದಿರು ಗೆಲುವಿನ ಸಂಭ್ರಮದಲ್ಲಿ ಇಲ್ಲಿಗೆ ಬಂದು ದತ್ತಿ ಬಿಟ್ಟದ್ದನ್ನು 1346ರ ಶಾಸನ ಹೇಳುತ್ತದೆ. 1791ರಲ್ಲಿ ಪರಶುರಾಮ ಭಾವೂನ ಮರಾಠಾ ದಂಡಿನವರು ಮಠಕ್ಕೆ ನುಗ್ಗಿ ದೋಚಿದರು. ಆಗ ಸ್ವಾಮಿಗಳ ಮೊರೆಗೆ ಓಗೊಟ್ಟು, ಶಾರದೆಯ ಮರುಪ್ರತಿಷ್ಠೆಗೆ ಹಣವನ್ನೂ ಸಾಮಗ್ರಿಯನ್ನೂ ಕಳಿಸಿಕೊಟ್ಟವನು ಟಿಪ್ಪು ಸುಲ್ತಾನ್. ಅವನು ಕನ್ನಡದಲ್ಲಿ ಬರೆಸಿ ಕಳಿಸಿದ ಪತ್ರಗಳನ್ನು 1916ರಲ್ಲಿ ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು ಮಠದಲ್ಲಿ ಗುರುತಿಸಿ ಬೆಳಕಿಗೆ ತಂದರು. ಆ ಕಾಗದಗಳ ಸುದ್ದಿ ಓದಿಕೊಂಡು ಬಂದವರಿಗೆ ಈ ಅಂಗಳದ ಮೌನವೂ ಮಾತಾಡುತ್ತದೆ. ಪೇಟೆಯ ನಡುವೆಯೇ 12ನೇ ಶತಮಾನದ ಪಾರ್ಶ್ವನಾಥ ಬಸದಿ ಇದೆ. ಮಠಕ್ಕೆ ಬಂದ ನೂರರಲ್ಲಿ ತೊಂಬತ್ತೈದು ಜನ ಅದರ ಗೋಡೆ ಪಕ್ಕದಲ್ಲೇ ಹಾದು ಹೋಗುತ್ತಾರೆ, ಒಳಗೆ ಇಣುಕುವುದಿಲ್ಲ. ಇಣುಕಿ. ಒಳಗೆ ತಂಪು, ಕತ್ತಲು, ಒಂದು ದೀಪ, ಕಪ್ಪು ಕಲ್ಲಿನ ಪಾರ್ಶ್ವನಾಥ. ಅಲ್ಲಿಂದ ಹೊರಬಿದ್ದು ಊರ ನಡುವಿನ ಗುಡ್ಡದ ಮೆಟ್ಟಿಲೇರಿದರೆ ಮಲಹಾನಿಕರೇಶ್ವರ. ಋಷ್ಯಶೃಂಗನ ತಂದೆ ವಿಭಾಂಡಕ ಮುನಿ ಐಕ್ಯವಾದ ಲಿಂಗ ಇದೇ ಎನ್ನುತ್ತಾರೆ. ಮಗ ಕಿಗ್ಗಾದಲ್ಲಿ, ಅಪ್ಪ ಇಲ್ಲಿ.

ಆದರೆ ಶೃಂಗೇರಿಯಲ್ಲಿ ನಾನು ಅತಿ ಹೆಚ್ಚು ಹೊತ್ತು ಕಳೆಯುವುದು ತುಂಗೆಯ ಮೆಟ್ಟಿಲಲ್ಲಿ. ನೀರು ತಿಳಿ ಹಸಿರು. ಮೊದಲು ಅಡಿಯ ಕಲ್ಲುಗಳೇ ಕಾಣುತ್ತವೆ. ಒಂದು ಕಲ್ಲು ನಿಧಾನಕ್ಕೆ ಬಾಲ ಅಲ್ಲಾಡಿಸಿದಾಗ ಗೊತ್ತಾಗುತ್ತದೆ, ಅದು ಮೀನು. ಮೊಳದುದ್ದದವು, ಕೆಲವು ತೋಳುದ್ದದವು, ಬೆನ್ನು ಕಂದು, ಮಗ್ಗುಲಲ್ಲಿ ತಾಮ್ರದ ಮಿಂಚು. ಮಾಶೀರ್ ಜಾತಿಯವೂ ಇವುಗಳಲ್ಲಿವೆ. ಇವು ದೇವರ ಮೀನು, ಹಿಡಿಯುವಂತಿಲ್ಲ. ಬೇರೆ ಎಷ್ಟೋ ಹೊಳೆಗಳಲ್ಲಿ ಸಿಡಿಮದ್ದಿಗೂ ವಿಷಕ್ಕೂ ಬಲಿಯಾಗಿ ಅಪರೂಪವಾದ ಮೀನು ಇಲ್ಲಿ ಮನುಷ್ಯರ ನೆರಳಿಗೆ ಹೆದರದೆ ಮೆಟ್ಟಿಲವರೆಗೂ ಬರುತ್ತದೆ. ಚಿಕ್ಕ ಹುಡುಗಿಯೊಬ್ಬಳು ಅಜ್ಜಿಯ ಸೆರಗು ಹಿಡಿದು ನೀರಿಗೆ ಬಗ್ಗಿದ್ದಾಳೆ. ‘ಅಜ್ಜಿ, ಅದು ನನ್ನೇ ನೋಡ್ತಾ ಇದೆ!’ ಅಜ್ಜಿ ನಗುತ್ತಾರೆ: ‘ನೋಡ್ಲಿ ಬಿಡೇ, ಅದ್ರ ಊರಿಗೆ ನೀನು ಬಂದಿರೋದು.’ ಪಕ್ಕದಲ್ಲೇ ಕಪ್ಪೆ ಶಂಕರನ ಪುಟ್ಟ ಗುಡಿ. ಉರಿಬಿಸಿಲಲ್ಲಿ ಹೆರಿಗೆಯ ನೋವಿನಲ್ಲಿದ್ದ ಕಪ್ಪೆಗೆ ನಾಗರಹಾವು ಹೆಡೆಯೆತ್ತಿ ನೆರಳು ಕೊಟ್ಟದ್ದನ್ನು ಕಂಡು ಶಂಕರರು ಇಲ್ಲೇ ನೆಲೆ ನಿಲ್ಲಲು ಮನಸ್ಸು ಮಾಡಿದರಂತೆ. ಎದುರಿಗೆ ಮೀನುಗಳನ್ನು ಇಟ್ಟುಕೊಂಡು ಆ ಕಥೆ ಕೇಳಿದರೆ ಅದು ಬರಿಯ ಕಥೆ ಅನ್ನಿಸುವುದಿಲ್ಲ. ಸೇತುವೆ ದಾಟಿದರೆ ನರಸಿಂಹವನ, ಗುರುಗಳ ಬಿಡಾರ, ಅಡಿಕೆ ಮರಗಳ ನಡುವೆ ಕಾಲುದಾರಿ. ಮಧ್ಯಾಹ್ನ ಊಟದ ಗಂಟೆ ಬಾರಿಸುವ ಹೊತ್ತಿಗೆ ಈಚೆ ದಡಕ್ಕೆ ಮರಳಿ ಬನ್ನಿ. ಸಾಲಿನಲ್ಲಿ ನೆಲಕ್ಕೆ ಕುಳಿತು ಉಣ್ಣುವ ಬಿಸಿ ಅನ್ನ, ಸಾರಿನ ರುಚಿ ಶೃಂಗೇರಿಯ ಅರ್ಧ ದರ್ಶನ.

ಹೊಳೆಯ ಮಗ್ಗುಲಲ್ಲೇ ವೈಕುಂಠಪುರವಿದೆ. ಪಟ್ಟಾಭಿರಾಮ ರೆಡ್ಡಿಯವರ ‘ಸಂಸ್ಕಾರ’ ಸಿನಿಮಾದ ಅಗ್ರಹಾರ ಇದು. 1970ರ ಆ ಕಪ್ಪುಬಿಳುಪು ಚಿತ್ರ ನೋಡಿದವರು ಇಲ್ಲಿ ಬಂದು ನಿಂತರೆ, ಬಣ್ಣ ತುಂಬಿಕೊಂಡ ಅದೇ ಚೌಕಟ್ಟಿನೊಳಗೆ ಇಳಿದ ಅನುಭವ.

ಹರಿಹರಪುರದವರೆಗೆ ತುಂಗೆ ಜೊತೆ ಬಿಡುವುದಿಲ್ಲ. ರಸ್ತೆ ತಿರುಗಿದಾಗಲೆಲ್ಲ ಬಿದಿರು ಮೆಳೆಯ ಸಂದಿಯಲ್ಲಿ ಒಮ್ಮೆ ಮಿಂಚಿ ಮರೆಯಾಗುತ್ತದೆ. ಅಲ್ಲಿಯ ಮಠದ ಕೆಳಗಿನ ದಡ ಶೃಂಗೇರಿಯ ಗದ್ದಲದ ನಂತರ ಸಿಗುವ ದೊಡ್ಡ ಸಮಾಧಾನ. ಕಲ್ಲಿನ ಮೇಲೆ ಕಾಲು ಚಾಚಿ ಕೂತು ಎದುರು ದಡದ ಮಂಗಟ್ಟೆ ಹಕ್ಕಿಗಳ ರೆಕ್ಕೆ ಸದ್ದನ್ನು ಕೇಳಬಹುದು. ಅಲ್ಲಿಂದ ಏರು ಶುರು. ಕೊಪ್ಪದ ಕಡೆಯ ಈ ಏರಿನ ಆಚೀಚೆಯ ಹಳ್ಳಿಗಳಲ್ಲಿ ಹಿರೇಕೊಡಿಗೆಯೂ ಒಂದು. ಕುವೆಂಪು ಎಂದರೆ ಎಲ್ಲರಿಗೂ ತೀರ್ಥಹಳ್ಳಿಯ ಕುಪ್ಪಳಿಯೇ ನೆನಪಾಗುವುದು, ಸರಿಯೇ. ಆದರೆ 1904ರ ಡಿಸೆಂಬರ್ 29ರಂದು ಅವರು ಹುಟ್ಟಿದ್ದು ತಾಯಿಯ ತವರಾದ ಈ ಹಿರೇಕೊಡಿಗೆಯಲ್ಲಿ. ಅವರ ಕಾಡು, ಅವರ ಕಾಜಾಣ, ಅವರ ಮಳೆ ತಾಲ್ಲೂಕಿನ ಗಡಿ ನೋಡಿ ನಿಲ್ಲುವಂಥವಲ್ಲ.

ಕೊಪ್ಪ ಪೇಟೆ ಎತ್ತರದಲ್ಲಿ ಕೂತಿದೆ, ಗಾಳಿಗೆ ಎದೆಯೊಡ್ಡಿ. ಇಲ್ಲಿ ನೋಡಲೇನಿದೆ ಎಂದು ಕೇಳುವವರಿಗೆ ನಾನು ಹೇಳುವುದು: ಪೇಟೆಯನ್ನೇ ನೋಡಿ. ಅಡಿಕೆ ಮಂಡಿಯ ಮುಂದೆ ಗೋಣಿಚೀಲ ಇಳಿಸುವ ಜೀಪುಗಳು, ಅಡಿಕೆ ಸಹಕಾರ ಸಂಘ ಮ್ಯಾಮ್ಕೋಸ್‌ನ ಬಾಗಿಲಲ್ಲಿ ಇವತ್ತಿನ ರಾಶಿ ರೇಟೆಷ್ಟು, ಬೆಟ್ಟೆ ರೇಟೆಷ್ಟು ಎಂದು ವಿಚಾರಿಸುವ ಗೌಡರು, ಭಟ್ಟರು. ಅಂಗಡಿಗಳಲ್ಲಿ ತೂಗುಹಾಕಿದ ಮೆಟ್ಟುಗತ್ತಿ, ಹಗ್ಗ, ಮೈಲುತುತ್ತದ ನೀಲಿ ಹರಳಿನ ಚೀಲ. ಆ ನೀಲಿಯ ಹಿಂದೆಯೂ ಒಂದು ಕಥೆಯಿದೆ. ಮಳೆಗಾಲದಲ್ಲಿ ಎಳೆ ಅಡಿಕೆಯನ್ನು ಉದುರಿಸಿಬಿಡುವ ಕೊಳೆರೋಗ ಮಲೆನಾಡಿನ ಹಳೆಯ ಶಾಪ. ಹಿಂದೆಲ್ಲ ಕೊನೆಗೆ ಕೊಟ್ಟೆ ಕಟ್ಟಿ ಮಳೆ ತಡೆಯುತ್ತಿದ್ದರು. 20ನೇ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಕೆನಡಾದಿಂದ ಬಂದಿದ್ದ ಲೆಸ್ಲಿ ಕೋಲ್ಮನ್ ಎಂಬ ವಿಜ್ಞಾನಿ ಆ ರೋಗದ ಬೆನ್ನು ಹತ್ತಿ, ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ತೋಟಗಳಿಗೆ ತಂದರು. ಇವತ್ತಿಗೂ ಜೂನ್ ಬಂತೆಂದರೆ ‘ಔಷಧಿ ಹೊಡ್ಸಿ ಆಯ್ತಾ?’ ಎಂಬುದೇ ಇಲ್ಲಿಯ ಕುಶಲಪ್ರಶ್ನೆ.

ಕೊಪ್ಪದಿಂದ ಸ್ವಲ್ಪವೇ ದೂರ ಕೆಸವೆ. ಮರಗಳ ನೆರಳಲ್ಲಿ ಕಮಂಡಲ ಗಣಪತಿಯ ಚಿಕ್ಕ ದೇವಸ್ಥಾನ. ಅಬ್ಬರವಿಲ್ಲ, ಗೋಪುರವಿಲ್ಲ. ಯೋಗಾಸನದಲ್ಲಿ ಕುಳಿತ ಗಣಪ, ಎದುರಿಗೆ ನೆಲಮಟ್ಟದಲ್ಲಿ ಕಮಲದ ಆಕಾರಕ್ಕೆ ಕೆತ್ತಿದ ಕಲ್ಲು. ಆ ಕಲ್ಲಿನ ನಡುವಿನ ತೂತಿನಿಂದ ನೀರು ಉಕ್ಕಿ ಬರುತ್ತದೆ. ಮಳೆಗಾಲದಲ್ಲಿ ಜೋರು, ಬೇಸಿಗೆಯಲ್ಲಿ ಸಣ್ಣಗೆ. ಶನಿಕಾಟ ಕಳೆಯಲು ತಪಸ್ಸಿಗೆ ಬಂದ ಪಾರ್ವತಿಗಾಗಿ ಬ್ರಹ್ಮ ತನ್ನ ಕಮಂಡಲದಿಂದ ಹರಿಸಿದ ತೀರ್ಥವಿದು, ಆದ್ದರಿಂದ ಬ್ರಾಹ್ಮಿ ನದಿ. ಕಲ್ಲಿನ ಪಕ್ಕ ಮಂಡಿಯೂರಿ ನೋಡುತ್ತೇನೆ. ಕಣ್ಣಿಗೆ ಕಾಣದ ಯಾವುದೋ ಆಳದಿಂದ ನೀರು ಗುಳುಗುಳು ಎಂದು ಮೇಲೆದ್ದು, ಕಮಲದ ಎಸಳುಗಳ ಮೇಲೆ ಹರಡಿ, ಅಂಚಿನಿಂದ ಇಳಿದು, ಹೊರಗಿನ ಕೊಳ ಸೇರಿ, ಅಲ್ಲಿಂದ ಹಳ್ಳವಾಗಿ ತೋಟಕ್ಕೆ ಇಳಿದು ತುಂಗೆಯ ದಾರಿ ಹುಡುಕುತ್ತದೆ. ನದಿಯೊಂದು ಅಂಗೈಯಲ್ಲಿ ಹಿಡಿಯುವಷ್ಟಿದ್ದಾಗಲೇ ಅದನ್ನು ಭೇಟಿಯಾಗುವ ಭಾಗ್ಯ ಎಲ್ಲ ಕಡೆ ಸಿಗುವುದಿಲ್ಲ. ಕೈಯೊಡ್ಡಿ ಕುಡಿದರೆ ಹಲ್ಲು ಜುಮ್ಮೆನ್ನುವ ತಂಪು.

ಆ ಸಂಜೆ ಪರಿಚಯದವರ ತೋಟದ ಮನೆಯಲ್ಲಿ ಅಡಿಕೆ ಸುಲಿತ. ಹಗಲಲ್ಲಿ ಕೊನೆಗಾರ ಮರದ ತುದಿಗೇರಿ ಕೊನೆ ಕಡಿದು ಹಗ್ಗದ ಮೇಲೆ ಜಾರಿಬಿಟ್ಟಿದ್ದ. ಕೆಳಗೆ ನಿಂತವನು ಹಗ್ಗ ಬಿಗಿಹಿಡಿದು ಒಂದು ಕಾಯಿಯೂ ಉದುರದಂತೆ ಇಳಿಸಿಕೊಂಡಿದ್ದ. ಒಂದು ಮರದಿಂದ ಇನ್ನೊಂದಕ್ಕೆ ನೆಲಕ್ಕಿಳಿಯದೆ, ಮರವನ್ನೇ ತೂಗಿಸಿ ದಾಟುವ ಅವನನ್ನು ನೋಡುವಾಗ ಅಂಗೈ ಬೆವರುತ್ತದೆ. ಈಗ ಅಂಗಳದಲ್ಲಿ ಹಸಿರು ಕಾಯಿಯ ಗುಡ್ಡೆ, ಸುತ್ತ ಮೆಟ್ಟುಗತ್ತಿಯ ಮುಂದೆ ಕುಳಿತ ಹೆಂಗಸರು. ಕಾಯಿ ಕತ್ತಿಗೆ ತಾಗಿಸಿ, ಒಂದು ಒತ್ತು, ಒಂದು ತಿರುವು, ಸಿಪ್ಪೆ ಒಂದು ಕಡೆ, ಅಡಿಕೆ ಡಬ್ಬಕ್ಕೆ ಟಣ್. ಕೈ ನೋಡುವುದಿಲ್ಲ, ಕಣ್ಣು ಮಾತಿನ ಕಡೆ. ಊರಿನ ಮದುವೆ, ಮಗಳ ಪರೀಕ್ಷೆ, ಮೊನ್ನೆ ತೋಟಕ್ಕೆ ನುಗ್ಗಿದ ಕಾಡುಕೋಣ ಎಲ್ಲವೂ ಆ ಟಣ್ ಟಣ್‌ನ ನಡುವೆ ಹಾದುಹೋಗುತ್ತವೆ. ‘ಬನ್ನಿ ಅಣ್ಣಾ, ಕೂತ್ಕೊಳಿ, ಒಂದ್ ಡಬ್ಬ ಸುಲೀರಿ ನೋಡುವ’ ಎಂದು ಒಬ್ಬರು ಕತ್ತಿ ಮುಂದೆ ಜಾಗ ಬಿಡುತ್ತಾರೆ. ಬೆರಳು ಕಪ್ಪಾಗುತ್ತದೆ, ಮೂರು ದಿನ ತೊಳೆದರೂ ಹೋಗದ ಕಪ್ಪು. ಹಿತ್ತಲ ಒಲೆಯಲ್ಲಿ ತಾಮ್ರದ ಹಂಡೆ. ಅದರೊಳಗೆ ಚೊಗರಿನಲ್ಲಿ ಅಡಿಕೆ ಬೇಯುತ್ತಿದೆ. ಬೆಂಕಿಯ ಬೆಳಕಲ್ಲಿ ಚೊಗರು ಮಂದವಾಗಿ ಕುದಿಯುವಾಗಿನ ಬಣ್ಣ ಮಾಣಿಕ್ಯದ್ದು. ವಾಸನೆ ಒಗರು, ಹೊಗೆ, ಹಸಿಮಣ್ಣು ಸೇರಿದ್ದು. ಈ ವಾಸನೆ ಇಡೀ ಕೊಪ್ಪ ಸೀಮೆಯ ಚಳಿಗಾಲದ ವಾಸನೆ.

ಊಟಕ್ಕೆ ಅಕ್ಕಿ ರೊಟ್ಟಿ, ಉಪ್ಪಿನಲ್ಲಿಟ್ಟ ಕಳಲೆಯ ಪಲ್ಯ, ಮುರುಗಲು ಹಣ್ಣಿನ ಸಾರು, ಅಪ್ಪೆಮಿಡಿ. ಮನೆಯ ಯಜಮಾನರು ಬಡಿಸುತ್ತಲೇ ತೋಟದ ಮಾತಿಗೆ ಬರುತ್ತಾರೆ. ಹಳದಿ ಎಲೆ ರೋಗ ಶೃಂಗೇರಿ, ಕೊಪ್ಪದ ತೋಟಗಳನ್ನು ದಶಕಗಳಿಂದ ತಿನ್ನುತ್ತಿದೆ. ಮರ ಸಾಯುವುದಿಲ್ಲ, ಬದುಕುವುದೂ ಇಲ್ಲ, ಫಸಲು ಮಾತ್ರ ವರ್ಷ ವರ್ಷ ಇಳಿಯುತ್ತದೆ. ಈಚೆಗೆ ಎಲೆಚುಕ್ಕಿ ರೋಗ ಬೇರೆ. ‘ಅಪ್ಪನ ಕಾಲದಲ್ಲಿ ಈ ಅಂಗಳದಲ್ಲಿ ಕಾಲಿಡೋಕೆ ಜಾಗ ಇರ್ಲಿಲ್ಲ’ ಎನ್ನುತ್ತಾರೆ. ಹಸಿರು ನೋಡಲು ಬರುವ ನಾವು ಆ ಹಸಿರಿನೊಳಗಿನ ಹಳದಿಯನ್ನೂ ನೋಡಬೇಕು. ಬಸ್ಸಿನ ಕಿಟಕಿಯಿಂದಲೇ ಕಾಣುತ್ತದೆ, ಒಮ್ಮೆ ಯಾರಾದರೂ ತೋರಿಸಿಕೊಟ್ಟರೆ.

ಮರುದಿನ ಜಯಪುರದ ದಾರಿಯಲ್ಲಿ ಬಾಳೆಹೊನ್ನೂರಿನ ಕಡೆ. ಎಲ್ಲೋ ಒಂದು ದಿಬ್ಬದ ಮೇಲೆ ನಮಗೆ ತಿಳಿಯದಂತೆಯೇ ನೀರಿನ ಮನಸ್ಸು ಬದಲಾಗುತ್ತದೆ: ಹಿಂದಿನ ಹಳ್ಳಗಳೆಲ್ಲ ತುಂಗೆಗೆ, ಮುಂದಿನವೆಲ್ಲ ಭದ್ರೆಗೆ. ತೋಟಗಳೂ ಬದಲಾಗುತ್ತವೆ. ಅಡಿಕೆಯ ಜಾಗದಲ್ಲಿ ಗುಡ್ಡ ಗುಡ್ಡವೇ ಕಾಫಿ, ನೆರಳಿಗೆ ಸಿಲ್ವರ್ ಓಕ್, ಅತ್ತಿ, ಹಲಸು, ಅವನ್ನು ತಬ್ಬಿ ಮೇಲೇರಿದ ಮೆಣಸಿನ ಬಳ್ಳಿ. ಅರೇಬಿಕಾ ಹಣ್ಣಾಗಿದೆ. ಸೊಂಟಕ್ಕೆ ಚೀಲ ಕಟ್ಟಿದ ಹೆಂಗಸರು ಕೊಂಬೆ ಬಗ್ಗಿಸಿ ಕೆಂಪನ್ನಷ್ಟೇ ಆಯುತ್ತಾರೆ, ಹಸಿರನ್ನು ಮುಂದಿನ ಸುತ್ತಿಗೆ ಬಿಡುತ್ತಾರೆ. ಒಂದು ಹಣ್ಣು ಬಾಯಿಗೆ ಹಾಕಿಕೊಂಡೆ: ತೆಳ್ಳಗಿನ ಸಿಹಿ ಲೋಳೆ, ಒಳಗೆ ಜೋಡಿ ಬೀಜ. ಲೋಟದಲ್ಲಿ ಕುಡಿಯುವ ಆ ಕಡು ರುಚಿಯ ಸುಳಿವೂ ಇಲ್ಲ.

ಇಂಡಿಯಾದ ಕಾಫಿಗೆ ಈ ಸೀಮೆ ಎಷ್ಟು ಮುಖ್ಯವೆಂದು ಹೊರಗಿನವರಿಗೆ ಗೊತ್ತಿರುವುದು ಕಡಿಮೆ. ಎಲೆಯ ತುಕ್ಕು ರೋಗಕ್ಕೆ ಮದ್ದು ಹುಡುಕಲು 1915ರಲ್ಲಿ ತಾತ್ಕಾಲಿಕವಾಗಿ ಒಂದು ಸಂಶೋಧನಾ ಘಟಕ ಶುರುವಾದದ್ದು ಕೊಪ್ಪದಲ್ಲಿ. 1925ರಲ್ಲಿ ಮೈಸೂರು ಸರ್ಕಾರ ಬಾಳೆಹೊನ್ನೂರಿನ ಹತ್ತಿರ ಪ್ರಯೋಗ ಕೇಂದ್ರವನ್ನು ಕಟ್ಟಿತು; ಆಗ ಸಂಸ್ಥಾನದ ಕೃಷಿ ನಿರ್ದೇಶಕರು ಅದೇ ಕೋಲ್ಮನ್. ಇವತ್ತಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಅದೇ. ಬೆಳೆಗಾರರ ಬಾಯಲ್ಲಿ ‘ಎಸ್. 795’ ಎಂದು ಮನೆಮಗುವಿನ ಹೆಸರಿನಂತೆ ಓಡಾಡುವ ಅರೇಬಿಕಾ ತಳಿ 1940ರ ದಶಕದಲ್ಲಿ ಇಲ್ಲಿಂದಲೇ ಹೊರಬಂದದ್ದು. ನೀವು ಬೆಂಗಳೂರಿನಲ್ಲೋ ಮದರಾಸಿನಲ್ಲೋ ಹೀರಿದ ಎಷ್ಟೋ ಲೋಟ ಕಾಫಿಯ ಬೇರು ಈ ಗುಡ್ಡದಲ್ಲಿದೆ.

ಬಾಳೆಹೊನ್ನೂರಿನಲ್ಲಿ ಭದ್ರೆಯ ಮೊದಲ ನೋಟ. ತುಂಗೆಗಿಂತ ಅಗಲ, ಬಣ್ಣ ಗಾಢ, ಬಂಡೆಗಳ ನಡುವೆ ಬಿಗಿದುಕೊಂಡ ಓಟ. ಸೇತುವೆಯ ಮೇಲೆ ನಿಂತರೆ ಕೆಳಗಿನ ಸದ್ದು ಎದೆಗೆ ಬಂದು ಬಡಿಯುತ್ತದೆ. ದಡದಲ್ಲಿ ರಂಭಾಪುರಿ ಪೀಠ, ವೀರಶೈವರ ಪಂಚಪೀಠಗಳಲ್ಲೊಂದು, ರೇಣುಕಾಚಾರ್ಯರ ಪರಂಪರೆಯದು. ಕಿಗ್ಗಾದ ಶಿವ, ಶೃಂಗೇರಿಯ ಅದ್ವೈತ, ಇಲ್ಲಿಯ ವೀರಶೈವ, ಮುಂದೆ ಸಿಗಲಿರುವ ಜೈನ ಮಠ, ಎಲ್ಲ ಒಂದು ಹಗಲಿನ ದಾರಿಯೊಳಗೆ.

ನರಸಿಂಹರಾಜಪುರದ ಹಳೆಯ ಹೆಸರು ಎಡೇಹಳ್ಳಿ. ನಾಲ್ವಡಿ ಕೃಷ್ಣರಾಜ ಒಡೆಯರ ತಮ್ಮ, ಯುವರಾಜ ಕಂಠೀರವ ನರಸಿಂಹರಾಜ ಒಡೆಯರು 1915ರಲ್ಲಿ ಭೇಟಿಕೊಟ್ಟ ಮೇಲೆ ಊರು ಅವರ ಹೆಸರು ಹೊತ್ತಿತು. ಈಗ ಎಲ್ಲರಿಗೂ ಎನ್.ಆರ್. ಪುರ. ಒಂದು ಕಾಲಕ್ಕೆ ತರೀಕೆರೆಯಿಂದ ಇಲ್ಲಿಯವರೆಗೆ ಪುಟ್ಟ ಹಳಿಯ ಮೇಲೆ ಪುಟ್ಟ ರೈಲು ಓಡುತ್ತಿತ್ತು ಎಂದರೆ ಇವತ್ತಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತ ಯುವಕರು ನಂಬುವುದಿಲ್ಲ. ಚಹಾದ ಅಂಗಡಿಯಲ್ಲಿ ಕುಳಿತರೆ ಕನ್ನಡದ ಜೊತೆ ಮಲಯಾಳ, ತುಳು, ಕೊಂಕಣಿ ಕಿವಿಗೆ ಬೀಳುತ್ತವೆ. ಕೇರಳದಿಂದ ಬಂದು ನೆಲೆಸಿದ ಕುಟುಂಬಗಳ ರಬ್ಬರ್ ತೋಟಗಳು ರಸ್ತೆಯ ಬದಿಗೆ ಸಾಲಾಗಿ ನಿಂತಿವೆ, ಪ್ರತಿ ಮರದ ಎದೆಗೂ ಒಂದು ಕಪ್ಪು ಚಿಪ್ಪು. ‘ಫಣಿಯಮ್ಮ’ ಬರೆದ ಎಂ. ಕೆ. ಇಂದಿರಾ ಅವರ ಊರೂ ಇದೇ. ಅವರ ಮೊದಲ ಕಾದಂಬರಿಯ ಹೆಸರು ‘ತುಂಗಭದ್ರಾ’, 1963ರದು. ಎರಡು ನದಿಗಳ ನಡುವಿನ ನೆಲದವರಿಗೆ ಬೇರೆ ಯಾವ ಹೆಸರು ತಾನೇ ಮೊದಲು ಹೊಳೆಯಬೇಕು!

ಊರಿಗೆ ಅಂಟಿದಂತೆಯೇ ಸಿಂಹನಗದ್ದೆ ಬಸದಿ ಮಠ. ಚಂದ್ರನಾಥ ತೀರ್ಥಂಕರರು ಇಲ್ಲಿಯ ಮೂಲಸ್ವಾಮಿ, ಅವರ ಯಕ್ಷಿ ಜ್ವಾಲಾಮಾಲಿನಿಗೆ ನಾಡಿನಾದ್ಯಂತದಿಂದ ಹರಕೆ ಹೊತ್ತು ಬರುತ್ತಾರೆ. ಸುತ್ತ ಜ್ವಾಲೆ, ಎಂಟು ಕೈ, ಮಹಿಷ ವಾಹನ. ಅಂಗಳದಲ್ಲಿ ಬಿಳಿ ಸೀರೆಯುಟ್ಟ ಅಮ್ಮನವರೊಬ್ಬರು ಬಾಗಿ ಅಕ್ಕಿಯಲ್ಲಿ ಸ್ವಸ್ತಿಕ ಬರೆಯುತ್ತಿದ್ದಾರೆ. ಒಂದು ಕಾಳು ಗೆರೆ ಮೀರಿದರೂ ಉಗುರಿನಿಂದ ಹಿಂದಕ್ಕೆ ಸರಿಸುತ್ತಾರೆ.

ಇಲ್ಲಿಂದ ಹಿನ್ನೀರಿಗೆ ಇಳಿಯುತ್ತೇನೆ. ಬಾಳೆಹೊನ್ನೂರಿನಲ್ಲಿ ಅಬ್ಬರಿಸುತ್ತಿದ್ದ ಭದ್ರೆ ಇಲ್ಲಿ ಕಡಲಾಗಿದೆ. ಲಕ್ಕವಳ್ಳಿಯ ಅಣೆಕಟ್ಟು 1965ಕ್ಕೆ ಮುಗಿದ ಮೇಲೆ ಕಣಿವೆಯ ಗದ್ದೆ, ತೋಟ, ಹಳ್ಳಿಗಳ ಮೇಲೆ ನೀರು ನಿಂತಿತು. ಆಚೆ ದಡಕ್ಕೆ ಭದ್ರಾ ಹುಲಿ ಸಂರಕ್ಷಿತ ಅರಣ್ಯದ ನೀಲಿ ಗುಡ್ಡಗಳು ಒಂದರ ಹಿಂದೆ ಒಂದು, ನೀರಿನಲ್ಲಿ ಅವುಗಳ ತಲೆಕೆಳಗಾದ ಸಾಲು, ನಡುವೆ ಅಲ್ಲಲ್ಲಿ ಒಣಗಿದ ಮರದ ಬೊಡ್ಡೆಗಳು, ಬೊಡ್ಡೆಗೊಂದು ನೀರುಕಾಗೆ. ಚೆಲುವು ಎನ್ನಲು ನಾಲಿಗೆ ತಡೆಯುತ್ತದೆ, ಎನ್ನದೆ ಇರಲೂ ಆಗುವುದಿಲ್ಲ. ದಾವಣಗೆರೆ ಸೀಮೆಯ ಭತ್ತ ಈ ನೀರಿನಲ್ಲಿ ಬೆಳೆಯುತ್ತದೆ. ಇಲ್ಲಿಯವರ ಗದ್ದೆ ಈ ನೀರಿನ ಅಡಿಯಲ್ಲಿದೆ.

ದಡದಲ್ಲಿ ಎಮ್ಮೆ ಮೇಯಿಸುತ್ತಿದ್ದ ಹಿರಿಯರು ಕೋಲಿನಿಂದ ನೀರಿನ ಕಡೆ ತೋರಿಸುತ್ತಾರೆ. ‘ಅಗೋ, ಆ ಬೊಡ್ಡೆ ಕಾಣುತ್ತಲ್ಲ, ಅದ್ರಿಂದ ಈಚೆಗೆ ನಮ್ಮಜ್ಜನ ಮನೆ ಇತ್ತಂತೆ. ಮುಳುಗಡೆ ಟೈಮಲ್ಲಿ ಬಾಗಿಲು, ಕಂಬ ಎಲ್ಲ ಕಿತ್ಕೊಂಡು ಗಾಡೀಲಿ ಹಾಕ್ಕೊಂಡು ಬಂದ್ರು. ಆ ಬಾಗಿಲು ಈಗ್ಲೂ ನಮ್ಮನೇಲಿದೆ.’ ಆಮೇಲೆ ನನ್ನ ಕ್ಯಾಮೆರಾ ನೋಡಿ ಹೇಳುತ್ತಾರೆ: ‘ಹಕ್ಕಿ ಫೋಟೋ ತೆಗೆಯೋರಾದ್ರೆ ಈಗ ಬಂದು ಪ್ರಯೋಜ್ನ ಇಲ್ಲ ಸ್ವಾಮಿ. ನೀರಿಳಿದು ನಡುಗಡ್ಡೆ ಎದ್ಮೇಲೆ ಬನ್ನಿ.’ ಅವರು ಹೇಳುತ್ತಿರುವುದು ರಿವರ್ ಟರ್ನ್‌ಗಳ ಮಾತು. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಮೇಲೇಳುವ ಕಲ್ಲಿನ ದಿಣ್ಣೆಗಳ ಮೇಲೆ ಈ ಹಳದಿ ಕೊಕ್ಕಿನ ಬೆಳ್ಳಿಬೂದು ಹಕ್ಕಿಗಳು ದಂಡು ದಂಡಾಗಿ ಬಂದು, ಗೂಡು ಕಟ್ಟುವ ಗೋಜಿಗೇ ಹೋಗದೆ, ಬರಿ ನೆಲದ ಕಲ್ಲುಗಳ ನಡುವೆ ಮೊಟ್ಟೆಯಿಡುತ್ತವೆ. ಮಳೆ ಬಂದು ದಿಣ್ಣೆ ಮುಳುಗುವ ಮೊದಲು ಮರಿಗಳಿಗೆ ರೆಕ್ಕೆ ಬಲಿಯಬೇಕು.

‘ಮಾರ್ಚ್‌ನಲ್ಲಿ ಬರಲಾ ಹಾಗಾದ್ರೆ?’ ಎನ್ನುತ್ತೇನೆ.

‘ಬನ್ನಿ. ಯುಗಾದಿ ಹೊತ್ತಿಗೆ ಬಂದ್ರೆ ಊಟಾನೂ ಆಗುತ್ತೆ, ಆ ಬಾಗಿಲೂ ನೋಡ್ಬಹುದು’ ಎಂದವರೇ ಎಮ್ಮೆಗಳನ್ನು ದಡಕ್ಕೆ ತಿರುಗಿಸುತ್ತಾರೆ. ಕತ್ತಲಾದರೆ ಆನೆ ನೀರಿಗೆ ಬರುತ್ತದಂತೆ, ಇಲ್ಲಿ ನಿಲ್ಲುವುದು ಬೇಡ ಎಂದು ನನ್ನನ್ನೂ ಕರೆಯುತ್ತಾರೆ. ಹಿಂದಿನ ವಾರ ಬಂದ ಒಂಟಿ ಸಲಗ ಯಾರ ಬಾಳೆ ತಿಂದಿತು, ಯಾವ ಬೇಲಿ ಮುರಿಯಿತು, ಅದರ ಒಂದು ದಂತ ಎಷ್ಟು ಮೊಂಡಾಗಿದೆ ಎಂಬ ವಿವರಗಳೊಂದಿಗೆ ನಾವು ಎನ್.ಆರ್. ಪುರದ ಪೇಟೆ ಕಡೆಗೆ ಏರು ಹತ್ತುತ್ತೇವೆ.